ಪುಟ್ಟ ಲಿನಕ್ಸ್ ವ್ಯವಸ್ಥೆಗೆ ಯಾವ ಶೆಲ್? ಆರಿಸುವ, ಬದಲಿಸುವ, ಅಣಿಗೊಳಿಸುವ ಬಗೆ

ಶೆಲ್ ಎಂದರೆ ನಾವು ಕೊಟ್ಟ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ. ಒಂದು ಹಳೆಯ ರೌಟರ್‌ನಲ್ಲಿ ಲಿನಕ್ಸ್ ಹಾಕಿಕೊಂಡು, ಅದರ ರೂಟ್ ಖಾತೆಯ, ಅಂದರೆ ಎಲ್ಲ ಅಧಿಕಾರವಿರುವ ಖಾತೆಯ, ಶೆಲ್ ಅನ್ನು ಬ್ಯಾಶ್ ಎಂಬ ಶೆಲ್‌ಗೆ ಬದಲಾಯಿಸಿದ್ದೆ. ಹಲವು ತಿಂಗಳು ಯಾವ ತೊಂದರೆಯೂ ಕಾಣಲಿಲ್ಲ. ಆಮೇಲೊಂದು ದಿನ ಫರ್ಮ್‌ವೇರ್, ಅಂದರೆ ರೌಟರ್‌ನೊಳಗಿನ ಮೂಲ ತಂತ್ರಾಂಶ, ನವೀಕರಿಸಿದೆ. ಹೊಸ ಫರ್ಮ್‌ವೇರ್ ನನ್ನ ಸೆಟ್ಟಿಂಗ್ ಕಡತಗಳನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿತು, ನಾನು ಬೇರೆಯಾಗಿ ಸೇರಿಸಿದ್ದ ಬ್ಯಾಶ್ ಪ್ಯಾಕೇಜನ್ನು ಮಾತ್ರ ಅಳಿಸಿಹಾಕಿತು. ರೂಟ್ ಖಾತೆಯ ಶೆಲ್ ಬ್ಯಾಶ್ ಎಂದು ಕಡತದಲ್ಲಿ ಬರೆದಿತ್ತು, ಬ್ಯಾಶ್ ಎಲ್ಲಿಯೂ ಇರಲಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಹೋಗಲಾಗಲಿಲ್ಲ. ಒಂದೇ ಸಾಲಿನ ಬದಲಾವಣೆಗೆ ಇಡೀ ಸಂಜೆ ಹೋಯಿತು. ಶೆಲ್ ಬದಲಿಸುವುದು ಅರ್ಧ ನಿಮಿಷದ ಕೆಲಸ ಎಂದು ಹೇಳುವ ಟಿಪ್ಪಣಿಗಳು ಬೇಕಾದಷ್ಟಿವೆ. ಜಾಗವೂ ಸ್ಮರಣೆಯೂ ಕಡಿಮೆ ಇರುವ ಯಂತ್ರದಲ್ಲಿ ಆ ಅರ್ಧ ನಿಮಿಷದ ಮುಂಚೆ ಏನು ಯೋಚಿಸಬೇಕು, ಆಮೇಲೆ ಏನು ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಓದುವ ಮುನ್ನ ಒಂದು ಮಾತು. ಕಮಾಂಡ್‌ಗಳನ್ನೂ ಕಡತಗಳ ದಾರಿಯನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಅವುಗಳ ಮೂಲ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ‘ಎಲ್‌ಎಸ್’ ಎಂದರೆ ಎರಡು ಅಕ್ಷರ, ‘/ಬಿನ್/ಎಸ್‌ಎಚ್’ ಎಂದರೆ ಬಿನ್ ಕೋಶದೊಳಗಿನ ಎಸ್, ಎಚ್ ಎಂಬ ಎರಡಕ್ಷರದ ಕಡತ. ‘ಪಾಸ್‌ಡಬ್ಲ್ಯುಡಿ’ ಎಂದಲ್ಲಿ ಪಿ, ಎ, ಎಸ್, ಎಸ್, ಡಬ್ಲ್ಯು, ಡಿ. ಪಿಎಸ್1, ಇಎನ್‌ವಿ ಮುಂತಾದ ವೇರಿಯಬಲ್‌ಗಳ ಹೆಸರು ಇಡಿಯಾಗಿ ದೊಡ್ಡಕ್ಷರದಲ್ಲಿರುತ್ತದೆ, ಕಮಾಂಡ್‌ಗಳದು ಸಣ್ಣಕ್ಷರದಲ್ಲಿ.

ಡೀಫಾಲ್ಟ್ ಶೆಲ್ ಒಂದಲ್ಲ, ಮೂರು

ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ. ‘ಡೀಫಾಲ್ಟ್ ಶೆಲ್’ ಎಂಬ ಒಂದು ಹೆಸರಿನಡಿ ಮೂರು ಬೇರೆ ಬೇರೆ ತೀರ್ಮಾನಗಳಿವೆ, ಮೂರಕ್ಕೂ ಉತ್ತರ ಒಂದೇ ಆಗಬೇಕಿಲ್ಲ.

ಮೊದಲನೆಯದು ಯಂತ್ರದ ಶೆಲ್, ಅಂದರೆ /ಬಿನ್/ಎಸ್‌ಎಚ್. ಯಂತ್ರ ಬೂಟ್ ಆಗುವಾಗ ಓಡುವ ಸ್ಕ್ರಿಪ್ಟ್‌ಗಳು (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತಗಳು), ಪ್ಯಾಕೇಜ್ ಸ್ಥಾಪಿಸುವಾಗಿನ ಸ್ಕ್ರಿಪ್ಟ್‌ಗಳು, ಸಿ ಭಾಷೆಯ ‘ಸಿಸ್ಟಮ್’ ಫಂಕ್ಷನ್ ಮೂಲಕ ಬೇರೊಂದು ಕಮಾಂಡ್ ಓಡಿಸುವ ಪ್ರೋಗ್ರಾಂಗಳು ಎಲ್ಲವೂ ಕರೆಯುವುದು ಇದನ್ನೇ. ಇಲ್ಲಿ ಯಾರೂ ಕುಳಿತು ಟೈಪ್ ಮಾಡುವುದಿಲ್ಲ. ಬೇಕಾದದ್ದು ವೇಗ, ಕಡಿಮೆ ಸ್ಮರಣೆ, ನಿಯಮಕ್ಕೆ ಬದ್ಧವಾದ ನಡೆ.

ಎರಡನೆಯದು ರೂಟ್ ಖಾತೆಯ ಲಾಗಿನ್ ಶೆಲ್. ಯಂತ್ರ ಅರ್ಧ ಕೆಟ್ಟಾಗಲೂ, ಒಂದು ಡಿಸ್ಕ್ ವಿಭಾಗ ಮೌಂಟ್ ಆಗದೆ (ಬಳಕೆಗೆ ಜೋಡಣೆಯಾಗದೆ) ಉಳಿದಾಗಲೂ ಇದು ಬದುಕಿರಬೇಕು. ಮೂರನೆಯದು ನಿಮ್ಮ ಸ್ವಂತ ಖಾತೆಯ ಶೆಲ್. ಬಾಣದ ಕೀಲಿ ಒತ್ತಿದರೆ ಹಿಂದಿನ ಕಮಾಂಡ್ ಬರಬೇಕು, ಟ್ಯಾಬ್ ಒತ್ತಿದರೆ ಹೆಸರು ಪೂರ್ತಿಯಾಗಬೇಕು ಎಂಬ ಆಸೆಗಳಿಗೆ ಜಾಗವಿರುವುದು ಇಲ್ಲಿ ಮಾತ್ರ.

ನನ್ನ ಸಲಹೆ ಇಷ್ಟು: ಯಂತ್ರದ ಶೆಲ್ ಚಿಕ್ಕದಾಗಿರಲಿ, ರೂಟ್ ಶೆಲ್ ವ್ಯವಸ್ಥೆಯ ಜೊತೆಯಲ್ಲೇ ಬಂದದ್ದಾಗಿರಲಿ, ಅನುಕೂಲವೆಲ್ಲ ನಿಮ್ಮ ಖಾತೆಗೆ ಇರಲಿ. ರೌಟರ್‌ನಲ್ಲಿ ನಾನು ಮಾಡಿದ ತಪ್ಪು, ಮೂರನೆಯದಕ್ಕೆ ಸಲ್ಲಬೇಕಾದ ಉತ್ತರವನ್ನು ಎರಡನೆಯದಕ್ಕೆ ಕೊಟ್ಟದ್ದು.

ಈಗ ಇರುವುದು ಯಾವುದು ಎಂದು ನೋಡಿ

ಏನನ್ನೂ ಬದಲಿಸುವ ಮೊದಲು ಈ ಮೂರು ಸಾಲುಗಳನ್ನು ಓಡಿಸಿ.

ಎಲ್‌ಎಸ್ -ಎಲ್ /ಬಿನ್/ಎಸ್‌ಎಚ್
ಗ್ರೆಪ್ ರೂಟ್ /ಇಟಿಸಿ/ಪಾಸ್‌ಡಬ್ಲ್ಯುಡಿ
ಎಲ್‌ಎಸ್ -ಎಲ್ /ಪ್ರಾಕ್/$$/ಇಎಕ್ಸ್‌ಇ

ಮೊದಲ ಸಾಲು /ಬಿನ್/ಎಸ್‌ಎಚ್ ಎಂಬ ಕೊಂಡಿ ನಿಜವಾಗಿ ಯಾವ ಪ್ರೋಗ್ರಾಮಿನ ಕಡೆ ಬೆರಳು ತೋರಿಸುತ್ತಿದೆ ಎಂದು ಹೇಳುತ್ತದೆ. ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಡ್ಯಾಶ್ ಎಂಬ ಚಿಕ್ಕ ಶೆಲ್, ಪುಟ್ಟ ಲಿನಕ್ಸ್ ಆದ ಆಲ್ಪೈನ್‌ನಲ್ಲಿ ಹಲವು ಕಮಾಂಡ್‌ಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಕೂಡಿಸಿದ ಬಿಜಿಬಾಕ್ಸ್ ಕಾಣಿಸುತ್ತದೆ. ಎರಡನೆಯ ಸಾಲು ಖಾತೆಯ ವಿವರ ಕೊಡುತ್ತದೆ. ಕೋಲನ್ ಚಿಹ್ನೆಗಳಿಂದ ಬೇರ್ಪಟ್ಟ ಏಳು ಭಾಗಗಳಲ್ಲಿ ಕೊನೆಯದೇ ಲಾಗಿನ್ ಶೆಲ್.

ಮೂರನೆಯ ಸಾಲು ಈಗ, ಈ ಕ್ಷಣ ನೀವು ಮಾತಾಡುತ್ತಿರುವ ಶೆಲ್ ಯಾವುದೆಂದು ತೋರಿಸುತ್ತದೆ. ಇದಕ್ಕೆ ಅನೇಕರು ‘ಎಕೋ $ಶೆಲ್’ ಎಂದು ಕೇಳುತ್ತಾರೆ. ಆ ವೇರಿಯಬಲ್‌ನಲ್ಲಿ ಇರುವುದು ಲಾಗಿನ್ ಆದಾಗ ಖಾತೆಯ ಸಾಲಿನಿಂದ ಓದಿಕೊಂಡ ಹೆಸರು. ಬ್ಯಾಶ್‌ನಲ್ಲಿ ಲಾಗಿನ್ ಆಗಿ, ಅದರೊಳಗಿಂದ ಡ್ಯಾಶ್ ಓಡಿಸಿದರೂ ಅದು ಬ್ಯಾಶ್ ಎಂದೇ ಹೇಳುತ್ತಿರುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ವಿವರವಿರುವ ಪ್ರಾಕ್ ಕೋಶವನ್ನೇ ನೇರವಾಗಿ ಕೇಳಿ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಪಿಎಸ್ ಕಮಾಂಡ್‌ಗೆ ಬಿಜಿಬಾಕ್ಸ್‌ನಲ್ಲಿ ಆಯ್ಕೆಗಳು ಕಡಿಮೆಯಾದ್ದರಿಂದ ಪುಟ್ಟ ವ್ಯವಸ್ಥೆಯಲ್ಲಿ ಎಲ್ಲ ಕಡೆ ನಡೆಯುವ ದಾರಿಯೂ ಇದೇ.

ಜೊತೆಗೆ ‘ಡಿಎಫ್ -ಎಚ್’ ಮತ್ತು ‘ಫ್ರೀ’ ಓಡಿಸಿ, ಉಳಿದಿರುವ ಜಾಗವನ್ನೂ ಸ್ಮರಣೆಯನ್ನೂ ಬರೆದಿಟ್ಟುಕೊಳ್ಳಿ.

ಅಭ್ಯರ್ಥಿಗಳು

1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯ ಜೊತೆ ಬಂದ ಸ್ಟೀಫನ್ ಬೌರ್ನ್ ಅವರ ಶೆಲ್ ಇವತ್ತಿನ ಬಹುತೇಕ ಶೆಲ್‌ಗಳ ಭಾಷೆಗೆ ಮೂಲ. ಅದೇ ಭಾಷೆಯನ್ನು 1989ರಲ್ಲಿ ಇಬ್ಬರು ಎರಡು ದಿಕ್ಕಿಗೆ ಕೊಂಡೊಯ್ದರು. ಬ್ರಯಾನ್ ಫಾಕ್ಸ್ ಗ್ನೂ ಯೋಜನೆಗಾಗಿ ಬರೆದ ಬ್ಯಾಶ್ ಸೌಲಭ್ಯಗಳನ್ನು ಸೇರಿಸುತ್ತ ಬೆಳೆಯಿತು. ಕೆನೆತ್ ಆಲ್ಮ್‌ಕ್ವಿಸ್ಟ್ ಬರೆದ ಆಶ್ ಚಿಕ್ಕದಾಗಿಯೇ ಉಳಿಯಿತು. ಪುಟ್ಟ ವ್ಯವಸ್ಥೆಯವರಿಗೆ ಬೇಕಾದ ಮುಖ್ಯ ಹೆಸರುಗಳೆಲ್ಲ ಆಶ್‌ನ ವಂಶದವು.

ಬಿಜಿಬಾಕ್ಸ್‌ನೊಳಗಿನ ಆಶ್ ನಿಮ್ಮ ಯಂತ್ರದಲ್ಲಿ ಈಗಾಗಲೇ ಇರುವ ಸಾಧ್ಯತೆ ಹೆಚ್ಚು. ಆಲ್ಪೈನ್, ರೌಟರ್‌ಗಳ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ, ಟೈನಿ ಕೋರ್ ಎಂಬ ಪುಟ್ಟ ಲಿನಕ್ಸ್ ಮೂರೂ ಇದನ್ನೇ ಕೊಡುತ್ತವೆ. ನೂರಾರು ಕಮಾಂಡ್‌ಗಳು ಒಂದೇ ಕಾರ್ಯಕಡತದಲ್ಲಿ ಅಡಗಿರುವುದರಿಂದ ಆಶ್‌ಗೆಂದು ಬೇರೆ ಜಾಗ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ಮೂಲ ಕೋಡ್‌ನಿಂದ ಕಟ್ಟುವಾಗ (ಕಂಪೈಲ್ ಮಾಡುವಾಗ) ಆಯ್ಕೆಗಳನ್ನು ತೆರೆದಿದ್ದರೆ ಸಾಲು ತಿದ್ದುವುದು, ಹಳೆಯ ಕಮಾಂಡ್‌ಗಳ ನೆನಪು, ಟ್ಯಾಬ್ ಒತ್ತಿ ಕಡತದ ಹೆಸರು ಪೂರ್ತಿ ಮಾಡುವುದು ಎಲ್ಲವೂ ಇರುತ್ತವೆ. ಬರೀ ಹಗುರವೆಂದು ಇದನ್ನು ಕಡೆಗಣಿಸುವವರು ಒಂದು ವಾರ ಬಳಸಿ ನೋಡಬೇಕು. ನನ್ನ ಹೆಚ್ಚಿನ ಪುಟ್ಟ ಯಂತ್ರಗಳಲ್ಲಿ ಈಗ ಇದರ ಮೇಲೆ ಇನ್ನೊಂದು ಶೆಲ್ ಇಲ್ಲ, ಬೇಕೆಂದೂ ಅನ್ನಿಸಿಲ್ಲ.

ಡ್ಯಾಶ್ ಅದೇ ಆಶ್‌ನ ಡೆಬಿಯನ್ ರೂಪ. 1997ರಲ್ಲಿ ಹರ್ಬರ್ಟ್ ಶು ನೆಟ್‌ಬಿಎಸ್‌ಡಿಯಿಂದ ಲಿನಕ್ಸ್‌ಗೆ ತಂದರು. ಉಬುಂಟು 2006ರ ಅಕ್ಟೋಬರ್‌ನ 6.10 ಆವೃತ್ತಿಯಲ್ಲಿ, ಡೆಬಿಯನ್ 2011ರ ಸ್ಕ್ವೀಜ್ ಆವೃತ್ತಿಯಲ್ಲಿ /ಬಿನ್/ಎಸ್‌ಎಚ್ ಅನ್ನು ಇದಕ್ಕೆ ತಿರುಗಿಸಿದವು. ಬೂಟ್ ಆಗುವಾಗ ಶೆಲ್ ಮತ್ತೆ ಮತ್ತೆ ಹುಟ್ಟಿ ಸಾಯುತ್ತದೆ. ಪ್ರತಿ ಹುಟ್ಟಿನಲ್ಲೂ ಉಳಿಯುವ ಒಂದಿಷ್ಟು ಸಮಯ ಸೇರಿ ಕಣ್ಣಿಗೆ ಕಾಣುವಷ್ಟಾಗುತ್ತದೆ. ಬ್ಯಾಶ್‌ನ ಕಾರ್ಯಕಡತ ಸಾಮಾನ್ಯವಾಗಿ ಒಂದು ಎಂಬಿಯ ಸುತ್ತಮುತ್ತ ಇದ್ದರೆ ಡ್ಯಾಶ್‌ನದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದರೆ ಡೆಬಿಯನ್‌ನಲ್ಲಿ ಸಿಗುವ ಡ್ಯಾಶ್‌ನಲ್ಲಿ ಸಾಲು ತಿದ್ದುವ ಸೌಲಭ್ಯವಿಲ್ಲ, ಬಾಣದ ಕೀಲಿ ಒತ್ತಿದರೆ ವಿಚಿತ್ರ ಚಿಹ್ನೆಗಳು ಬೀಳುತ್ತವೆ. ಸ್ಕ್ರಿಪ್ಟ್ ಓಡಿಸಲು ಇದು ಶ್ರೇಷ್ಠ, ಕುಳಿತು ಟೈಪ್ ಮಾಡಲು ಅಲ್ಲ.

ಬ್ಯಾಶ್ ಎಲ್ಲರಿಗೂ ಪರಿಚಿತ. ಅದು ಒಂಟಿಯಾಗಿ ಬರುವುದಿಲ್ಲ, ರೀಡ್‌ಲೈನ್, ಎನ್‌ಕರ್ಸಸ್ ಲೈಬ್ರರಿಗಳನ್ನೂ ಹಲವು ವ್ಯವಸ್ಥೆಗಳಲ್ಲಿ ಜೊತೆಗೆ ತರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 2014ರ ಸೆಪ್ಟೆಂಬರ್‌ನಲ್ಲಿ ಬಯಲಾದ ‘ಶೆಲ್‌ಶಾಕ್’ ದೋಷವೂ ನೆನಪಿರಲಿ. ಪರಿಸರ ವೇರಿಯಬಲ್‌ನಲ್ಲಿ ಅಡಗಿಸಿದ ಕಮಾಂಡನ್ನು ಬ್ಯಾಶ್ ಓಡಿಸಿಬಿಡುತ್ತಿತ್ತು. /ಬಿನ್/ಎಸ್‌ಎಚ್ ಜಾಗದಲ್ಲಿ ಡ್ಯಾಶ್ ಅಥವಾ ಆಶ್ ಇದ್ದ ಯಂತ್ರಗಳಲ್ಲಿ ದಾಳಿಗೆ ಸಿಗುವ ದಾರಿಗಳು ಬಹಳ ಕಡಿಮೆಯಿದ್ದವು. ಸೌಲಭ್ಯ ಹೆಚ್ಚಿದಷ್ಟೂ ಕಾಯಬೇಕಾದ ಬಾಗಿಲುಗಳೂ ಹೆಚ್ಚುತ್ತವೆ. ಯಂತ್ರದ ಶೆಲ್ ಚಿಕ್ಕದಿರಲಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಇವುಗಳ ನಡುವೆ ಎಂಕೆಎಸ್‌ಎಚ್ ಎಂಬುದೊಂದಿದೆ. ಕಾರ್ನ್ ಶೆಲ್ ವಂಶದ್ದು, ಆಂಡ್ರಾಯ್ಡ್ 4.0ರಿಂದ ಫೋನ್‌ಗಳೊಳಗೆ ಇರುವುದು ಇದೇ. ಬ್ಯಾಶ್‌ಗಿಂತ ಚಿಕ್ಕದಾಗಿದ್ದೂ ಅರೇಗಳು (ಒಂದೇ ವೇರಿಯಬಲ್‌ನಲ್ಲಿ ಹಲವು ಮೌಲ್ಯಗಳ ಪಟ್ಟಿ) ಬೇಕೆನ್ನುವವರಿಗೆ ಒಳ್ಳೆಯ ನಡುದಾರಿ. ಜೆಡ್‌ಶೆಲ್ ಮತ್ತು ಫಿಶ್ ಸೊಗಸಾದವು, ಪುಟ್ಟ ಯಂತ್ರಕ್ಕೆ ಭಾರವಾದವು. ಫಿಶ್‌ನ ಭಾಷೆ ಬೌರ್ನ್ ಶೆಲ್‌ನ ಭಾಷೆಯೇ ಅಲ್ಲ. ಅದನ್ನು ಲಾಗಿನ್ ಶೆಲ್ ಮಾಡಿದರೆ ಎಸ್‌ಎಸ್‌ಎಚ್ (ಜಾಲದ ಮೂಲಕ ದೂರದಿಂದಲೇ ಲಾಗಿನ್ ಆಗುವ ಸೇವೆ) ಮೂಲಕ ಸಾಧಾರಣ ಶೆಲ್ ಸಾಲುಗಳನ್ನು ಕಳಿಸುವ ಸಲಕರಣೆಗಳು ಮುಗ್ಗರಿಸಬಹುದು. ಇನ್ನು ಸ್ಮರಣೆ ನಿರ್ವಹಣಾ ಘಟಕವಿಲ್ಲದ ಪ್ರೊಸೆಸರ್ ನಿಮ್ಮದಾಗಿದ್ದರೆ ಆಶ್ ನಡೆಯುವುದಿಲ್ಲ, ಅದು ಓಡುತ್ತಿರುವ ಪ್ರೋಗ್ರಾಮಿನ ಪ್ರತಿ ಸೃಷ್ಟಿಸುವ ಫೋರ್ಕ್ ಎಂಬ ಕರೆಯನ್ನು ಬೇಡುತ್ತದೆ. ಅಂಥ ಕಡೆ ಬಿಜಿಬಾಕ್ಸ್‌ನ ಇನ್ನೊಂದು ಶೆಲ್ ಆದ ಹಶ್ ಬಳಸಿ.

ಒಟ್ಟು ಸಂಗ್ರಹ 16 ಎಂಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಶ್ ಬಿಟ್ಟು ಬೇರೆ ಯೋಚನೆ ಬೇಡ ಎಂಬುದು ನನ್ನ ಅಳತೆ. ಮೆಮೊರಿ ಕಾರ್ಡಿನ ಮೇಲೆ ನಡೆಯುವ ಪುಟ್ಟ ಬೋರ್ಡ್ ಆಗಿದ್ದರೆ ಜಾಗದ ಚಿಂತೆಯಿಲ್ಲ, ನಿಮ್ಮ ಖಾತೆಗೆ ಬ್ಯಾಶ್ ಧಾರಾಳವಾಗಿ ಹಾಕಿಕೊಳ್ಳಬಹುದು.

ಲಾಗಿನ್ ಶೆಲ್ ಬದಲಿಸುವ ಹೆಜ್ಜೆಗಳು

ನಿಮ್ಮ ಸ್ವಂತ ಖಾತೆಗೆ ಬ್ಯಾಶ್ ಹಾಕುತ್ತಿದ್ದೀರಿ ಎಂದುಕೊಳ್ಳೋಣ. ಈ ಕ್ರಮವನ್ನು ತಪ್ಪಿಸಬೇಡಿ.

1. ಸ್ಥಾಪಿಸಿ. ಆಲ್ಪೈನ್‌ನಲ್ಲಿ ‘ಎಪಿಕೆ ಆಡ್ ಬ್ಯಾಶ್’, ಡೆಬಿಯನ್ ಬಳಗದಲ್ಲಿ ‘ಎಪಿಟಿ ಇನ್‌ಸ್ಟಾಲ್ ಬ್ಯಾಶ್’. ಸ್ಥಾಪನೆಯಾದೊಡನೆ ಖಾತೆಗೆ ಕೈಹಾಕದೆ, ಸುಮ್ಮನೆ ‘ಬ್ಯಾಶ್’ ಎಂದು ಓಡಿಸಿ ಒಳಗೆ ಹೋಗಿ ನಾಲ್ಕು ಕಮಾಂಡ್ ಕೊಟ್ಟು ‘ಎಕ್ಸಿಟ್’ ಮಾಡಿ. ಲೈಬ್ರರಿ ಕಾಣೆಯಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ.

2. ಖಾತೆ ಕಡತದ ಪ್ರತಿ ತೆಗೆದಿಡಿ: ಸಿಪಿ /ಇಟಿಸಿ/ಪಾಸ್‌ಡಬ್ಲ್ಯುಡಿ /ಇಟಿಸಿ/ಪಾಸ್‌ಡಬ್ಲ್ಯುಡಿ.ಹಳೆ. ಕೊನೆಯ ‘ಹಳೆ’ಗೆ ನಿಮಗೆ ನೆನಪಿರುವ ಯಾವ ಹೆಸರಾದರೂ ಆದೀತು.

3. /ಇಟಿಸಿ/ಶೆಲ್ಸ್ ಕಡತದಲ್ಲಿ ಹೊಸ ಶೆಲ್‌ನ ಪೂರ್ಣ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ಒಂದು ಸಾಲಾಗಿ ಸೇರಿಸಿ. ಇದು ಬರೀ ಔಪಚಾರಿಕತೆ ಎಂದು ಬಿಟ್ಟುಬಿಡುವವರಿದ್ದಾರೆ. ಸಾಮಾನ್ಯ ಬಳಕೆದಾರ ಈ ಪಟ್ಟಿಯಲ್ಲಿಲ್ಲದ ಶೆಲ್ ಆರಿಸಿದರೆ, ಲಾಗಿನ್ ಶೆಲ್ ಬದಲಿಸುವ ಸಿಎಚ್‌ಎಸ್‌ಎಚ್ ಕಮಾಂಡ್ ಒಪ್ಪುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು ಡ್ರಾಪ್‌ಬೇರ್‌ನ ನಡೆ. ಪುಟ್ಟ ಯಂತ್ರಗಳಲ್ಲಿ ಎಸ್‌ಎಸ್‌ಎಚ್ ಸೇವೆ ಕೊಡುವುದು ಹೆಚ್ಚಾಗಿ ಇದೇ ತಂತ್ರಾಂಶ. ಶೆಲ್ ಈ ಪಟ್ಟಿಯಲ್ಲಿಲ್ಲದಿದ್ದರೆ ಅದು ಲಾಗಿನ್ ಅನ್ನೇ ನಿರಾಕರಿಸುತ್ತದೆ. ಹೊರಗಿರುವವರಿಗೆ ಅದು ಪಾಸ್‌ವರ್ಡ್ ತಪ್ಪಾದಂತೆಯೇ ಕಾಣುತ್ತದೆ, ನಿಜವಾದ ಕಾರಣ ಲಾಗ್‌ನಲ್ಲಿ ಮಾತ್ರ ಇರುತ್ತದೆ. ಓಪನ್‌ಎಸ್‌ಎಸ್‌ಎಚ್ ಶೆಲ್ ಕಡತ ಇದೆಯೇ, ಓಡಿಸಬಹುದೇ ಎಂದು ನೋಡುತ್ತದೆ, ಇಲ್ಲದಿದ್ದರೆ ಅದೂ ಒಳಗೆ ಬಿಡುವುದಿಲ್ಲ.

4. ಈಗ ಬದಲಿಸಿ: ಸಿಎಚ್‌ಎಸ್‌ಎಚ್ -ಎಸ್ /ಬಿನ್/ಬ್ಯಾಶ್. ಈ ಕಮಾಂಡ್ ಹಲವು ಪುಟ್ಟ ವ್ಯವಸ್ಥೆಗಳಲ್ಲಿ ಇರುವುದಿಲ್ಲ. ಆಲ್ಪೈನ್‌ನಲ್ಲಿ ಶ್ಯಾಡೋ ಪ್ಯಾಕೇಜ್ ಸೇರಿಸಿದರೆ ಸಿಗುತ್ತದೆ. ಅದಕ್ಕೂ ಜಾಗವಿಲ್ಲದಿದ್ದರೆ ರೂಟ್ ಆಗಿ ವಿಐ ಸಂಪಾದಕದಲ್ಲಿ ಖಾತೆ ಕಡತ ತೆರೆದು, ನಿಮ್ಮ ಹೆಸರಿನ ಸಾಲಿನ ಏಳನೆಯ ಭಾಗವನ್ನಷ್ಟೇ ತಿದ್ದಿ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಅದು ಕಡತದ ಹೆಸರಿನ ಭಾಗವಾಗಿಬಿಡುತ್ತದೆ. ವಿಂಡೋಸ್ ಸಂಪಾದಕದಲ್ಲಿ ತಿದ್ದಿ ತಂದ ಕಡತದ ಸಾಲಿನ ಕೊನೆಯಲ್ಲಿ ಕಾಣದ ಅಕ್ಷರವೊಂದು ಇರುತ್ತದೆ, ಪರಿಣಾಮ ಅದೇ. ‘ಕ್ಯಾಟ್ -ಎ’ ಎಂದು, ಆ ಎ ಅನ್ನು ದೊಡ್ಡಕ್ಷರದಲ್ಲಿ ಕೊಟ್ಟು ನೋಡಿದರೆ ಇಂಥ ಕಾಣದ ಅಕ್ಷರಗಳೆಲ್ಲ ಕಾಣುತ್ತವೆ.

5. ತೆರೆದಿರುವ ಟರ್ಮಿನಲ್ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಎಸ್‌ಎಸ್‌ಎಚ್‌ನಲ್ಲಿ ಸಂಪರ್ಕ ಮರುಬಳಕೆ ಮಾಡುವ ಅಭ್ಯಾಸವಿದ್ದರೆ ನಿಜವಾಗಿ ಹೊಸ ಸಂಪರ್ಕವೇ ಎಂದು ಖಚಿತಪಡಿಸಿಕೊಳ್ಳಿ. ಅದು ಸರಿಯಾದ ಮೇಲೆ ಹಳೆಯದನ್ನು ಮುಚ್ಚಿ.

ಡೀಮನ್, ನೋಬಡಿ ಮುಂತಾದ ಸೇವಾ ಖಾತೆಗಳ ಕೊನೆಯಲ್ಲಿ ‘ನೋಲಾಗಿನ್’ ಅಥವಾ ‘ಫಾಲ್ಸ್’ ಎಂದಿರುತ್ತದೆ. ಯಾರೂ ಒಳಗೆ ಬರದಿರಲೆಂದೇ ಹಾಗೆ ಇಟ್ಟಿದ್ದಾರೆ, ಮುಟ್ಟಬೇಡಿ.

ಖಾತೆಯನ್ನು ಮುಟ್ಟದೆ ಬ್ಯಾಶ್ ಪಡೆಯುವುದು

ರೂಟ್ ಖಾತೆ ಒಂದೇ ಇರುವ ಯಂತ್ರಗಳಲ್ಲಿ, ಮುಖ್ಯವಾಗಿ ರೌಟರ್‌ಗಳಲ್ಲಿ, ನಾನು ಈಗ ಲಾಗಿನ್ ಶೆಲ್ ಬದಲಿಸುವುದೇ ಇಲ್ಲ. ಲಾಗಿನ್ ಆಶ್ ಆಗಿಯೇ ಉಳಿಯುತ್ತದೆ. ಆಶ್ ತನ್ನ ಕೆಲಸ ಶುರು ಮಾಡುವಾಗ ಓದುವ .ಪ್ರೊಫೈಲ್ ಕಡತದ ಕೊನೆಯಲ್ಲಿ ಮೂರು ಸಾಲು ಇಡುತ್ತೇನೆ.

ಕೇಸ್ $- ಇನ್
*ಐ*) [ -ಝಡ್ "$ಬ್ಯಾಶ್_ವರ್ಷನ್" ] && ಬ್ಯಾಶ್ -ಸಿ : 2>/ಡೆವ್/ನಲ್ && ಎಕ್ಸೆಕ್ ಬ್ಯಾಶ್ ;;
ಎಸಾಕ್

ಕೊನೆಯ ಪದ ‘ಕೇಸ್’ ಎಂಬುದನ್ನು ಅಕ್ಷರಶಃ ತಿರುಗಿಸಿ ಬರೆದದ್ದು. ಈ ಸಾಲುಗಳ ಒಂದೊಂದು ತುಂಡಿಗೂ ಕಾರಣವಿದೆ. ಮನುಷ್ಯರು ಟೈಪ್ ಮಾಡುತ್ತಿರುವ ಶೆಲ್ ಆಗಿದ್ದರೆ ಮಾತ್ರ ‘$-’ ವೇರಿಯಬಲ್‌ನಲ್ಲಿ ಐ ಅಕ್ಷರ ಇರುತ್ತದೆ. ಆ ಪರೀಕ್ಷೆ ಇಲ್ಲದಿದ್ದರೆ, ಬೇರೊಂದು ಸ್ಕ್ರಿಪ್ಟ್ ಈ ಖಾತೆಯ ಹೆಸರಿನಲ್ಲಿ ಲಾಗಿನ್ ಶೆಲ್ ಮೂಲಕ ಒಂದು ಕಮಾಂಡ್ ಓಡಿಸಲು ಬಂದಾಗ ಬ್ಯಾಶ್ ನಡುವೆ ನುಗ್ಗಿ ಆ ಕಮಾಂಡನ್ನು ನುಂಗಿಹಾಕುತ್ತದೆ. ಎರಡನೆಯ ಪರೀಕ್ಷೆ, ಈಗಾಗಲೇ ಬ್ಯಾಶ್ ಒಳಗಿದ್ದೇವೆಯೇ ಎಂಬುದು. ಬ್ಯಾಶ್ ಅನ್ನು ಲಾಗಿನ್ ಶೆಲ್ ಆಗಿ ಕರೆದರೆ ಅದೂ .ಪ್ರೊಫೈಲ್ ಓದಬಹುದು, ಆಗ ತನ್ನನ್ನೇ ತಾನು ಕರೆಯುತ್ತ ಕೊನೆಯಿಲ್ಲದೆ ಸುತ್ತುತ್ತದೆ.

ಮೂರನೆಯದೇ ಮುಖ್ಯ. ಬ್ಯಾಶ್ ಕಡತ ಇದೆಯೇ ಎಂದಷ್ಟೇ ಪರೀಕ್ಷಿಸಿದರೆ ಸಾಲದು. ಕಡತ ಇದ್ದು, ಅದಕ್ಕೆ ಬೇಕಾದ ಲೈಬ್ರರಿ ಇಲ್ಲದಿದ್ದರೆ ಎಕ್ಸೆಕ್ ಆಶ್ ಅನ್ನು ತೆಗೆದುಹಾಕಿ ಬ್ಯಾಶ್ ಅನ್ನು ಕೂರಿಸುತ್ತದೆ, ಬ್ಯಾಶ್ ಆ ಕ್ಷಣವೇ ಸಾಯುತ್ತದೆ, ಸಂಪರ್ಕ ಕಡಿದುಹೋಗುತ್ತದೆ. ಆದ್ದರಿಂದ ಮೊದಲು ಏನೂ ಮಾಡದ ಒಂದು ಕಮಾಂಡ್ ಕೊಟ್ಟು ಬ್ಯಾಶ್ ಓಡುತ್ತದೆಯೇ ಎಂದು ನೋಡುತ್ತೇವೆ. ಆ ಕೋಲನ್ ಚಿಹ್ನೆಯೇ ಏನೂ ಮಾಡದ ಕಮಾಂಡ್. ಓಡದಿದ್ದರೆ ಆಶ್ ಹಾಗೆಯೇ ಉಳಿಯುತ್ತದೆ. ಮುಂದಿನ ನವೀಕರಣದಲ್ಲಿ ಬ್ಯಾಶ್ ಮಾಯವಾದರೂ ನೀವು ಒಳಗೆ ಹೋಗಬಲ್ಲಿರಿ.

ಯಾವ ಶೆಲ್ ಯಾವ ಕಡತ ಓದುತ್ತದೆ

ಸೆಟ್ಟಿಂಗ್ ಬರೆದೆ, ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ತಪ್ಪು ಕಡತದಲ್ಲಿ ಬರೆದಿರುವುದು.

ಆಶ್ ಮತ್ತು ಡ್ಯಾಶ್ ಲಾಗಿನ್ ಆದಾಗ ಮೊದಲು /ಇಟಿಸಿ/ಪ್ರೊಫೈಲ್, ಆಮೇಲೆ ನಿಮ್ಮ ಮನೆ ಕೋಶದ .ಪ್ರೊಫೈಲ್ ಓದುತ್ತವೆ. ಲಾಗಿನ್ ಅಲ್ಲದ, ಆದರೆ ಟೈಪ್ ಮಾಡಲು ತೆರೆದ ಶೆಲ್ ಆದರೆ ಇವೆರಡನ್ನೂ ಓದುವುದಿಲ್ಲ. ಇಎನ್‌ವಿ ಎಂಬ ವೇರಿಯಬಲ್ ಯಾವ ಕಡತವನ್ನು ಹೆಸರಿಸುತ್ತದೆಯೋ ಅದನ್ನು ಓದುತ್ತವೆ. ಆದ್ದರಿಂದ .ಪ್ರೊಫೈಲ್‌ನಲ್ಲಿ ಹೀಗೊಂದು ಸಾಲು ಇರಲಿ:

ಎಕ್ಸ್‌ಪೋರ್ಟ್ ಇಎನ್‌ವಿ=$ಹೋಮ್/.ಆಶ್‌ಆರ್‌ಸಿ

ಇನ್ನು ಅಲಿಯಾಸ್‌ಗಳು (ಕಮಾಂಡ್‌ಗಳಿಗೆ ಇಟ್ಟುಕೊಂಡ ಅಡ್ಡಹೆಸರುಗಳು), ಪ್ರಾಂಪ್ಟ್ (ಶೆಲ್ ಕಮಾಂಡ್‌ಗಾಗಿ ಕಾಯುವಾಗ ತೋರಿಸುವ ಸೂಚನೆ), ಫಂಕ್ಷನ್‌ಗಳು ಎಲ್ಲ ಆ .ಆಶ್‌ಆರ್‌ಸಿ ಕಡತಕ್ಕೆ. ಪಾಥ್‌ನಂತೆ (ಕಮಾಂಡ್‌ಗಳನ್ನು ಹುಡುಕುವ ಕೋಶಗಳ ಪಟ್ಟಿ) ಶೆಲ್ ಓಡಿಸುವ ಪ್ರೋಗ್ರಾಂಗಳಿಗೂ ದಾಟಬೇಕಾದ ವೇರಿಯಬಲ್‌ಗಳು .ಪ್ರೊಫೈಲ್‌ಗೆ.

ಬ್ಯಾಶ್‌ನ ಕ್ರಮ ಬೇರೆ. ಲಾಗಿನ್ ಆದಾಗ /ಇಟಿಸಿ/ಪ್ರೊಫೈಲ್ ಓದಿ, ಆಮೇಲೆ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಮೂರರಲ್ಲಿ ಮೊದಲು ಸಿಕ್ಕ ಒಂದನ್ನು ಮಾತ್ರ ಓದುತ್ತದೆ. ಲಾಗಿನ್ ಅಲ್ಲದ ಶೆಲ್ ಆದರೆ .ಬ್ಯಾಶ್‌ಆರ್‌ಸಿ. ಯಾವುದೋ ತಂತ್ರಾಂಶ ನಿಮಗೆ ತಿಳಿಯದಂತೆ .ಬ್ಯಾಶ್_ಪ್ರೊಫೈಲ್ ಸೃಷ್ಟಿಸಿದರೆ ಅಂದಿನಿಂದ ನಿಮ್ಮ .ಪ್ರೊಫೈಲ್ ಸದ್ದಿಲ್ಲದೆ ಮೂಲೆಗೆ ಬೀಳುತ್ತದೆ.

ಈ ಕಡತಗಳು ಪರದೆಯ ಮೇಲೆ ಏನನ್ನೂ ಮುದ್ರಿಸಬಾರದು. ಸ್ವಾಗತದ ಒಂದು ಸಾಲು ಚಂದ ಅನ್ನಿಸಬಹುದು. ದೂರದಿಂದ ಕಡತ ನಕಲಿಸುವ ಎಸ್‌ಸಿಪಿ, ಆರ್‌ಸಿಂಕ್‌ಗಳು ಅದೇ ಸಂಪರ್ಕದಲ್ಲಿ ತಮ್ಮ ಭಾಷೆಯಲ್ಲಿ ಮಾತಾಡುತ್ತಿರುತ್ತವೆ, ನಡುವೆ ನಿಮ್ಮ ಸ್ವಾಗತ ಬಿದ್ದರೆ ಕೆಡುತ್ತವೆ. ಎಸ್‌ಎಸ್‌ಎಚ್ ಮೂಲಕ ಒಂಟಿ ಕಮಾಂಡ್ ಬಂದಾಗಲೂ ಬ್ಯಾಶ್ .ಬ್ಯಾಶ್‌ಆರ್‌ಸಿ ಓದುವುದುಂಟು. ಆದ್ದರಿಂದ ಅದರ ಮೊದಲಲ್ಲೇ, ಮೇಲೆ ತೋರಿಸಿದ ‘$-’ ಪರೀಕ್ಷೆ ಇಟ್ಟು, ಐ ಇಲ್ಲದಿದ್ದರೆ ‘ರಿಟರ್ನ್’ ಮಾಡಿ.

ಪ್ರಾಂಪ್ಟ್‌ನ ವೇರಿಯಬಲ್ ಪಿಎಸ್1. ಬ್ಯಾಶ್‌ನಲ್ಲಿ ಹಿಂಗೆರೆಯ (ಬ್ಯಾಕ್‌ಸ್ಲ್ಯಾಶ್) ಮುಂದೆ ಯು, ಎಚ್, ಡಬ್ಲ್ಯು ಬರೆದರೆ ಬಳಕೆದಾರ, ಯಂತ್ರ, ಕೋಶದ ಹೆಸರುಗಳು ಬರುತ್ತವೆ. ಬಿಜಿಬಾಕ್ಸ್ ಆಶ್‌ನಲ್ಲೂ ಆ ಆಯ್ಕೆ ತೆರೆದು ಕಟ್ಟಿದ್ದರೆ ನಡೆಯುತ್ತದೆ. ಡ್ಯಾಶ್‌ನಲ್ಲಿ ನಡೆಯುವುದಿಲ್ಲ, ಅಲ್ಲಿ ಒಂಟಿ ಉದ್ಧರಣ ಚಿಹ್ನೆಯೊಳಗೆ ‘$ಪಿಡಬ್ಲ್ಯುಡಿ $ ’ ಎಂದು ಬರೆಯಿರಿ. ಹಲವು ಯಂತ್ರಗಳನ್ನು ನೋಡಿಕೊಳ್ಳುವವರು ಯಂತ್ರದ ಹೆಸರು ಪ್ರಾಂಪ್ಟ್‌ನಲ್ಲಿ ಇರುವಂತೆ ಖಂಡಿತ ನೋಡಿಕೊಳ್ಳಿ, ತಪ್ಪು ಯಂತ್ರದಲ್ಲಿ ಕೊಟ್ಟ ‘ರೀಬೂಟ್’ ಹಿಂದಕ್ಕೆ ಬರುವುದಿಲ್ಲ.

ಫ್ಲ್ಯಾಶ್ ಸಂಗ್ರಹವಿರುವ ಯಂತ್ರದಲ್ಲಿ ಕಮಾಂಡ್ ಚರಿತ್ರೆಯ ಕಡತವನ್ನೂ ಗಮನಿಸಿ. ಬಿಜಿಬಾಕ್ಸ್ ಆಶ್ ಅದನ್ನು .ಆಶ್_ಹಿಸ್ಟರಿ ಎಂಬ ಕಡತದಲ್ಲಿಡುತ್ತದೆ. ಕಟ್ಟಿದ ಬಗೆಯ ಮೇಲೆ, ಪ್ರತಿ ಕಮಾಂಡ್‌ಗೂ ಬರೆಯಬಹುದು ಅಥವಾ ಹೊರಡುವಾಗ ಒಮ್ಮೆ ಬರೆಯಬಹುದು. ಫ್ಲ್ಯಾಶ್ ಮೇಲಿನ ಬರೆತ ಕಡಿಮೆ ಮಾಡಬೇಕೆಂದರೆ ಹಿಸ್ಟ್‌ಫೈಲ್ ವೇರಿಯಬಲ್ ಅನ್ನು /ಟಿಎಂಪಿ ಕೋಶದ ಒಂದು ಹೆಸರಿಗೆ ತಿರುಗಿಸಿ. ಆ ಕೋಶ ರ್‍ಯಾಮ್‌ನಲ್ಲಿದ್ದರೆ ಚರಿತ್ರೆ ಯಂತ್ರ ಆರುವವರೆಗೆ ಮಾತ್ರ ಉಳಿಯುತ್ತದೆ, ಫ್ಲ್ಯಾಶ್ ಸವೆಯುವುದಿಲ್ಲ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಒಂದು ಸೂಚನೆ. ಬಿಜಿಬಾಕ್ಸ್ ಬಳಸುವ ಯಂತ್ರದಲ್ಲಿ ಆ ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಕಡತ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಯೂನಿಕೋಡ್ ಬೆಂಬಲ ತೆರೆದಿದ್ದರೂ, ತೋರಿಸಬಹುದಾದ ಕೊನೆಯ ಅಕ್ಷರದ ಸಂಖ್ಯೆ 767 ಎಂದು ಅದರ ಮೂಲ ಸೆಟ್ಟಿಂಗ್‌ನಲ್ಲಿದೆ. ಕನ್ನಡದ ಅಕ್ಷರಗಳು ಶುರುವಾಗುವುದೇ 3200ರಿಂದ. ಬಿಜಿಬಾಕ್ಸ್ ಅನ್ನು ನೀವೇ ಕಟ್ಟುತ್ತಿದ್ದರೆ ಆ ಮಿತಿಯನ್ನು 0 ಮಾಡಿ, ಆಗ ಮಿತಿಯೇ ಇರುವುದಿಲ್ಲ. ಕೂಡುವ ಅಕ್ಷರಗಳ ಆಯ್ಕೆಯನ್ನೂ ತೆರೆಯಿರಿ. ಇಲ್ಲದಿದ್ದರೆ ಒತ್ತು, ಗುಣಿತಗಳ ಅಗಲದ ಲೆಕ್ಕ ತಪ್ಪುತ್ತದೆ.

/ಬಿನ್/ಎಸ್‌ಎಚ್ ಅನ್ನು ತಿರುಗಿಸುವುದಾದರೆ

ಬ್ಯಾಶ್‌ನಿಂದ ಡ್ಯಾಶ್ ಅಥವಾ ಆಶ್‌ಗೆ ಇಳಿಯುವುದು ಒಳ್ಳೆಯ ಹೆಜ್ಜೆ. ಆದರೆ ಮೊದಲ ಸಾಲಿನಲ್ಲಿ /ಬಿನ್/ಎಸ್‌ಎಚ್ ಎಂದು ಬರೆದು ಒಳಗೆ ಬ್ಯಾಶ್‌ಗೆ ಮಾತ್ರ ಗೊತ್ತಿರುವ ಭಾಷೆ ಬಳಸಿದ ಸ್ಕ್ರಿಪ್ಟ್‌ಗಳು ಆಗ ಬಯಲಿಗೆ ಬರುತ್ತವೆ. ಅರೇಗಳು, ‘ಸೋರ್ಸ್’ ಎಂಬ ಪದ, ‘ಫಂಕ್ಷನ್’ ಎಂಬ ಪದ, ಒಂದರಿಂದ ಹತ್ತರವರೆಗೆ ಎಂದು ಪುಷ್ಪಾವರಣದೊಳಗೆ ಚುಕ್ಕಿಯಿಟ್ಟು ಬರೆಯುವುದು, ಇವೆಲ್ಲ ಡ್ಯಾಶ್‌ನಲ್ಲಿ ಇಲ್ಲ.

ತಪ್ಪು ತೋರಿಸಿ ನಿಲ್ಲುವ ಸ್ಕ್ರಿಪ್ಟ್ ಅಪಾಯಕಾರಿಯಲ್ಲ. ತಪ್ಪು ಮಾಡಿಯೂ ಮುಂದುವರಿಯುವುದು ಅಪಾಯಕಾರಿ. ಜೋಡಿ ಚೌಕಾವರಣ ‘[[’ ಡ್ಯಾಶ್‌ಗೆ ಒಂದು ಅಪರಿಚಿತ ಕಮಾಂಡ್ ಅಷ್ಟೇ. ‘ಇಫ್’ನ ಮುಂದೆ ಅದು ಬಂದರೆ, ಕಮಾಂಡ್ ಸಿಗಲಿಲ್ಲ ಎಂದು ಒಂದು ಸಾಲು ಮುದ್ರಿಸಿ, ಷರತ್ತು ಸುಳ್ಳು ಎಂದುಕೊಂಡು ‘ಎಲ್ಸ್’ ಕಡೆಗೆ ನಡೆಯುತ್ತದೆ. ‘&>’ ಇನ್ನೂ ಕೆಟ್ಟದ್ದು. ಬ್ಯಾಶ್‌ನಲ್ಲಿ ಅದು ಎರಡು ಬಗೆಯ ಹೊರಹರಿವನ್ನೂ ಕಡತಕ್ಕೆ ಕಳಿಸುತ್ತದೆ. ಡ್ಯಾಶ್ ಅದನ್ನು ಎರಡು ತುಂಡಾಗಿ ಓದುತ್ತದೆ, ಕಮಾಂಡನ್ನು ಹಿನ್ನೆಲೆಗೆ ತಳ್ಳಿ ಕಡತವನ್ನು ಖಾಲಿ ಮಾಡುತ್ತದೆ. ‘ಎಕೋ’ ಕೂಡ ಎರಡರಲ್ಲಿ ಬೇರೆ ಬೇರೆ: ಹಿಂಗೆರೆಯಿರುವ ಅಕ್ಷರಗಳನ್ನು ಡ್ಯಾಶ್ ಬಿಡಿಸಿ ಮುದ್ರಿಸುತ್ತದೆ, ಬ್ಯಾಶ್ ಹಾಗೆಯೇ ಬಿಡುತ್ತದೆ. ‘ಪ್ರಿಂಟ್‌ಎಫ್’ ಬಳಸಿದರೆ ಈ ಭೇದವೇ ಇಲ್ಲ.

‘ಡ್ಯಾಶ್ -ಎನ್’ ಕೊಟ್ಟರೆ ವ್ಯಾಕರಣ ತಪ್ಪುಗಳು ಮಾತ್ರ ಸಿಗುತ್ತವೆ, ಮೇಲಿನ ಎರಡೂ ತಪ್ಪಿಸಿಕೊಳ್ಳುತ್ತವೆ. ಸ್ಕ್ರಿಪ್ಟ್‌ಗಳನ್ನು ದೊಡ್ಡ ಯಂತ್ರಕ್ಕೆ ತಂದು ಇಂಥ ತಪ್ಪುಗಳನ್ನು ಹುಡುಕುವ ಶೆಲ್‌ಚೆಕ್ ಅಥವಾ ಡೆಬಿಯನ್‌ನ ಚೆಕ್‌ಬ್ಯಾಶಿಸಮ್ಸ್ ಓಡಿಸಿ. ತಿದ್ದಲು ಸಮಯವಿಲ್ಲದ ಸ್ಕ್ರಿಪ್ಟ್ ಆದರೆ ಅದರ ಮೊದಲ ಸಾಲನ್ನು ಪ್ರಾಮಾಣಿಕವಾಗಿ /ಬಿನ್/ಬ್ಯಾಶ್ ಎಂದು ಬದಲಿಸಿ. ಬಿಜಿಬಾಕ್ಸ್ ಆಶ್ ಕೆಲವು ಬ್ಯಾಶ್ ರೂಢಿಗಳನ್ನು ಒಪ್ಪುವಂತೆ ಕಟ್ಟಬಹುದು. ಅರೇಗಳನ್ನಂತೂ ಒಪ್ಪುವುದಿಲ್ಲ.

ಕೊಂಡಿ ತಿರುಗಿಸುವಾಗ ಹಳೆಯದನ್ನು ಅಳಿಸಿ ಹೊಸದು ಮಾಡಬೇಡಿ. ಆ ನಡುವಿನ ಕ್ಷಣದಲ್ಲಿ /ಬಿನ್/ಎಸ್‌ಎಚ್ ಇಲ್ಲದ ಯಂತ್ರದಲ್ಲಿ ಏನು ಬೇಕಾದರೂ ಮುರಿಯಬಹುದು. ಹೊಸ ಹೆಸರಿನಲ್ಲಿ ಕೊಂಡಿ ಮಾಡಿ, ಆಮೇಲೆ ‘ಎಂವಿ’ಯಿಂದ ಅದನ್ನು ಹಳೆಯದರ ಮೇಲೆ ಕೂರಿಸಿ:

ಎಲ್‌ಎನ್ -ಎಸ್ ಡ್ಯಾಶ್ /ಬಿನ್/ಎಸ್‌ಎಚ್.ಹೊಸ
ಎಂವಿ /ಬಿನ್/ಎಸ್‌ಎಚ್.ಹೊಸ /ಬಿನ್/ಎಸ್‌ಎಚ್

ಆಲ್ಪೈನ್‌ನಲ್ಲಿ ಇದಕ್ಕೆಂದೇ ಪ್ಯಾಕೇಜ್‌ಗಳಿವೆ, ಕೈಯಿಂದ ಮಾಡುವ ಬದಲು ಡ್ಯಾಶ್-ಬಿನ್‌ಎಸ್‌ಎಚ್ ಸೇರಿಸಿ. ಬಿಲ್ಡ್‌ರೂಟ್‌ನಿಂದ ವ್ಯವಸ್ಥೆಯನ್ನೇ ಕಟ್ಟುವವರಿಗೆ ಸಿಸ್ಟಮ್ ಕಾನ್ಫಿಗರೇಷನ್ ಪಟ್ಟಿಯಲ್ಲಿ /ಬಿನ್/ಎಸ್‌ಎಚ್ ಎಂಬ ಆಯ್ಕೆಯೇ ಇದೆ. ಬಿಜಿಬಾಕ್ಸ್‌ನ ತನ್ನ ಪಟ್ಟಿಯಲ್ಲಿ ‘ಬ್ಯಾಶ್’ ಎಂಬ ಹೆಸರನ್ನೂ ಆಶ್‌ಗೆ ಕೊಡುವ ಇನ್ನೊಂದು ಆಯ್ಕೆಯಿದೆ. ಅದನ್ನು ತೆರೆಯಬೇಡಿ. ಬ್ಯಾಶ್ ಇದೆಯೆಂದು ನಂಬಿದ ಸ್ಕ್ರಿಪ್ಟ್ ಅರೇ ಬಂದ ಸಾಲಿನಲ್ಲಿ ಮುರಿದುಬೀಳುತ್ತದೆ, ಕಾರಣ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತಾರೆ.

ಹೊರಗೆ ಉಳಿದುಬಿಟ್ಟರೆ

ಶೆಲ್ ಕಡತ ಇಲ್ಲದ ಖಾತೆಗೆ ಎಸ್‌ಎಸ್‌ಎಚ್‌ನಲ್ಲಿ ‘/ಬಿನ್/ಎಸ್‌ಎಚ್ ಓಡಿಸು’ ಎಂದು ಕಮಾಂಡ್ ಕಳಿಸಿದರೂ ಪ್ರಯೋಜನವಿಲ್ಲ, ಆ ಕಮಾಂಡನ್ನು ಓಡಿಸಬೇಕಾದದ್ದೂ ಅದೇ ಲಾಗಿನ್ ಶೆಲ್. ಸೀರಿಯಲ್ ಕನ್ಸೋಲ್‌ನಲ್ಲೂ ಲಾಗಿನ್ ಕೇಳುವುದು ಅದೇ ಕಡತವನ್ನು. ಬೇರೆ ಖಾತೆಯಿಂದ ಒಳಗೆ ಹೋಗಲು ಸಾಧ್ಯವಿದ್ದರೆ, ಅಲ್ಲಿಂದ ‘ಎಸ್‌ಯು -ಎಸ್ /ಬಿನ್/ಎಸ್‌ಎಚ್’ ಎಂದು ರೂಟ್ ಆಗಿ, ಪ್ರತಿ ತೆಗೆದಿಟ್ಟ ಕಡತವನ್ನು ಮರಳಿಸಿ.

ಮೆಮೊರಿ ಕಾರ್ಡಿನ ಬೋರ್ಡ್ ಆದರೆ ಕಾರ್ಡನ್ನು ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿ, ಮೌಂಟ್ ಮಾಡಿ, ಅದರೊಳಗಿನ ಖಾತೆ ಕಡತ ತಿದ್ದುವುದೇ ಸುಲಭ. ತಿದ್ದುವುದು ಕಾರ್ಡಿನದ್ದನ್ನೋ ನಿಮ್ಮ ಯಂತ್ರದ್ದನ್ನೋ ಎಂದು ದಾರಿಯನ್ನು ಎರಡು ಸಲ ಓದಿ. ಓಪನ್‌ಡಬ್ಲ್ಯುಆರ್‌ಟಿ ರೌಟರ್ ಆದರೆ ಫೇಲ್‌ಸೇಫ್ ಎಂಬ ಸ್ಥಿತಿಯಿದೆ. ಬೂಟ್ ಆಗುವಾಗ ದೀಪ ವೇಗವಾಗಿ ಮಿನುಗುವ ಹೊತ್ತಿಗೆ ಗುಂಡಿ ಒತ್ತಿ ಆ ಸ್ಥಿತಿಗೆ ಹೋಗಿ, 192.168.1.1 ವಿಳಾಸಕ್ಕೆ ಸಂಪರ್ಕಿಸಿ, ‘ಮೌಂಟ್_ರೂಟ್’ ಓಡಿಸಿದರೆ ನಿಮ್ಮ ಸೆಟ್ಟಿಂಗ್‌ಗಳು ತಿದ್ದಲು ಸಿಗುತ್ತವೆ.

ಬೂಟ್‌ಲೋಡರ್ (ಯಂತ್ರ ಶುರುವಾದಾಗ ಲಿನಕ್ಸ್ ಅನ್ನು ಎಬ್ಬಿಸುವ ಪ್ರೋಗ್ರಾಂ) ಕೈಗೆ ಸಿಗುವ ಯಂತ್ರವಾದರೆ, ಕರ್ನೆಲ್‌ಗೆ (ಲಿನಕ್ಸ್‌ನ ತಿರುಳಿಗೆ) ಕೊಡುವ ಸಾಲಿನ ಕೊನೆಯಲ್ಲಿ ‘ಇನಿಟ್=/ಬಿನ್/ಎಸ್‌ಎಚ್’ ಸೇರಿಸಿ ಬೂಟ್ ಮಾಡಿ. ಪಾಸ್‌ವರ್ಡ್ ಕೇಳದೆ ನೇರವಾಗಿ ಶೆಲ್ ಬರುತ್ತದೆ. ಯಂತ್ರದ ಶೆಲ್ ಅನ್ನು ಸರಳವಾಗಿ ಉಳಿಸಿಕೊಂಡದ್ದು ಫಲ ಕೊಡುವುದು ಇಲ್ಲೇ. ಬೇರು ವಿಭಾಗ (ಇಡೀ ವ್ಯವಸ್ಥೆ ಇರುವ ‘/’ ವಿಭಾಗ) ಓದಲು ಮಾತ್ರ ತೆರೆದಿರುವುದು ಸಾಮಾನ್ಯ, ಆದ್ದರಿಂದ ಮೊದಲು ‘ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯು /’ ಕೊಡಿ, ಆಮೇಲೆ ಏಳನೆಯ ಭಾಗವನ್ನು ತಿದ್ದಿ. ಮುಗಿದ ಮೇಲೆ ಅಭ್ಯಾಸಬಲದಿಂದ ‘ಎಕ್ಸಿಟ್’ ಒತ್ತಬೇಡಿ. ಈ ಶೆಲ್ಲೇ ಈಗ ಯಂತ್ರದ ಮೊದಲ ಪ್ರಕ್ರಿಯೆ, ಅದು ಹೊರಟರೆ ಕರ್ನೆಲ್ ಅಲ್ಲಿಗೇ ಕುಸಿಯುತ್ತದೆ. ‘ಸಿಂಕ್’ ಕೊಟ್ಟು ಬರೆತವೆಲ್ಲ ಸಂಗ್ರಹಕ್ಕೆ ಇಳಿದ ಮೇಲೆ, ‘ರೀಬೂಟ್ -ಎಫ್’ ಕೊಡಿ.